ಅರವತ್ತರ ಬಾಳಿಗೆ ನಲವತ್ತರಲ್ಲೇ ಬುತ್ತಿ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಕಬ್ಬು ಬೆಳೆಗಾರರಿಗೆ ನಿವೃತ್ತಿಯ ದಿನಾಂಕವಿಲ್ಲ. ಮಂಡಿ ಸವೆದ ದಿನವೇ ನಿವೃತ್ತಿ. ಮಗನಲ್ಲಿ ಹಣ ಕೇಳಲು ಸಂಕೋಚಪಟ್ಟು ಸಕ್ಕರೆ ಕಾಯಿಲೆಯ ಮಾತ್ರೆಯನ್ನೇ ನಿಲ್ಲಿಸಿದ ಹಿರಿಯರನ್ನು ನಾವು ಕಂಡಿದ್ದೇವೆ. ಆದುದರಿಂದ ಸದ್ಭಕ್ತರು ದೇಹವನ್ನೂ ಹಣವನ್ನೂ ಮೊದಲೇ ಕಾಪಾಡಿಕೊಳ್ಳಬೇಕು.

ಎರಡು ಹೆಕ್ಟೇರ್‌ವರೆಗೆ ಸಾಗುವಳಿ ಭೂಮಿಯುಳ್ಳ, 18ರಿಂದ 40 ವರ್ಷ ವಯಸ್ಸಿನ ರೈತರಿಗಾಗಿ 2019ರಲ್ಲಿ ಪ್ರಧಾನಮಂತ್ರಿ ಕಿಸಾನ್ ಮಾನ್‌ಧನ್ ಯೋಜನೆ ಆರಂಭವಾಯಿತು. ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ ಕೇಂದ್ರ ಸರ್ಕಾರವೂ ಅಷ್ಟನ್ನೇ ಸೇರಿಸುತ್ತದೆ. 60 ತುಂಬಿದ ಬಳಿಕ ತಿಂಗಳಿಗೆ 3,000 ರೂಪಾಯಿ ಪಿಂಚಣಿ ದೊರೆಯುತ್ತದೆ. ಆ ವಯಸ್ಸು ಮೀರಿದವರು ಕಬ್ಬಿನ ಹಣ ಬಂದಾಗಲೆಲ್ಲ ಒಂದು ಪಾಲನ್ನು ಅಂಚೆ ಕಚೇರಿಯ ಉಳಿತಾಯದಲ್ಲಿಡಲಿ.

ಆಯುರ್ವೇದದಲ್ಲಿ ವೃದ್ಧಾಪ್ಯವು ವಾತಪ್ರಧಾನವಾದ ಕಾಲ. ವಾರಕ್ಕೆರಡು ಬಾರಿ ಎಳ್ಳೆಣ್ಣೆಯ ಅಭ್ಯಂಗ, ಬಿಸಿಯಾದ ರಾಗಿ ಮುದ್ದೆ ಮತ್ತು ಸೊಪ್ಪಿನ ಸಾರು, ರಾತ್ರಿ ಬೇಗನೆ ಮಿತವಾದ ಊಟ, ನಿತ್ಯ ನಡಿಗೆ, ಇವುಗಳಿಗೆ ಹೆಚ್ಚು ಖರ್ಚಿಲ್ಲ. ಸಕ್ಕರೆ ಕಾಯಿಲೆಯುಳ್ಳವರು ಮುದ್ದೆಯ ಗಾತ್ರವನ್ನು ಕಿರಿದಾಗಿಸಬೇಕು. ವೈದ್ಯರನ್ನು ಕೇಳದೆ ಮಾತ್ರೆ ಬಿಡಕೂಡದು.

ಶರಣರ ಕಾಯಕಕ್ಕೆ ನಿವೃತ್ತಿಯೆಂಬುದಿಲ್ಲ. ಭಾರ ಹೊರುವುದನ್ನು ಬಿಟ್ಟು ಹಿತ್ತಲಿನಲ್ಲಿ ತರಕಾರಿ ಬೆಳೆಯೋಣ, ದಾಸೋಹದಲ್ಲಿ ಕೈಜೋಡಿಸೋಣ. ಕೈಯಲ್ಲಿ ಕೆಲಸ, ಪೆಟ್ಟಿಗೆಯಲ್ಲಿ ನಾಲ್ಕು ಕಾಸು ಇದ್ದರೆ ಮುಪ್ಪು ಹೊರೆಯಾಗದು.