ಹೋಲಿಕೆಯಿಲ್ಲದೆ ಪುರಾವೆಯಿಲ್ಲ: ವೈಜ್ಞಾನಿಕ ಪ್ರಯೋಗದ ಮೊದಲ ಪಾಠ

“ಈ ಗುಳಿಗೆ ನುಂಗಿದೆ; ಹದಿನೈದು ದಿನಗಳಲ್ಲಿ ಆಯಾಸವೆಲ್ಲ ಹೋಯಿತು. ನೀವೂ ತೆಗೆದುಕೊಳ್ಳಿ” ಎಂಬ ಸಲಹೆಯನ್ನು ಕೇಳದ ಮನೆ ನಮ್ಮಲ್ಲಿ ಇರಲಾರದು. ಹೇಳುವವರು ಹಿತೈಷಿಗಳೇ, ಸುಳ್ಳಾಡುವವರಲ್ಲ. ಆದರೂ ಅವರ ಮಾತು ಪುರಾವೆಯಾಗುವುದಿಲ್ಲ. ಆ ಹದಿನೈದು ದಿನಗಳಲ್ಲಿ ಅವರು ರಜೆಯ ಮೇಲೆ ಊರಿಗೆ ಹೋಗಿ ಚೆನ್ನಾಗಿ ನಿದ್ರಿಸಿರಬಹುದು, ಊಟ ಬದಲಾಗಿರಬಹುದು, ಆಯಾಸವು ತಾನಾಗಿಯೇ ತಗ್ಗಿರಬಹುದು. ಹಲವು ಕಾರಣಗಳು ಒಟ್ಟಿಗೆ ಸೇರಿದಾಗ ಫಲದ ಕೀರ್ತಿಯನ್ನು ಯಾವುದಕ್ಕೆ ಸಲ್ಲಿಸಬೇಕು? ಈ ಪ್ರಶ್ನೆಗೆ ವಿಜ್ಞಾನವು ಕಂಡುಕೊಂಡ ಮಾರ್ಗವೇ ಪ್ರಯೋಗ.

ಅಡಿಗೆಮನೆಯ ಉದಾಹರಣೆ

ಪುಣೆಯ ಚಳಿಗಾಲದಲ್ಲಿ ಮೊಸರು ಬೇಗ ಆಗುವುದಿಲ್ಲ. ಹೆಪ್ಪು ಹೆಚ್ಚು ಹಾಕಿದರೆ ಬೇಗ ಆದೀತೆ? ಪರೀಕ್ಷಿಸೋಣ. ಒಂದೇ ಅಳತೆಯ ಎರಡು ಬಟ್ಟಲುಗಳಿಗೆ ಒಂದೇ ಪಾತ್ರೆಯ ಉಗುರುಬೆಚ್ಚಗಿನ ಹಾಲನ್ನು ಸಮನಾಗಿ ಸುರಿದು, ಒಂದಕ್ಕೆ ಅರ್ಧ ಚಮಚ, ಇನ್ನೊಂದಕ್ಕೆ ಎರಡು ಚಮಚ ಹೆಪ್ಪು ಹಾಕಿ, ಎರಡನ್ನೂ ಒಂದೇ ಕಡೆ ಇಡಬೇಕು. ಇಲ್ಲಿ ನಾವು ಬೇಕೆಂದೇ ಬದಲಾಯಿಸಿದ ಹೆಪ್ಪಿನ ಪ್ರಮಾಣವು ‘ಸ್ವತಂತ್ರ ಚರ’. ಅದರ ಫಲವಾಗಿ ಬದಲಾಗಬಹುದಾದ, ನಾವು ಅಳೆಯುವ ಕಾಲಾವಧಿಯು ‘ಅವಲಂಬಿತ ಚರ’. ಹಾಲು, ಬಟ್ಟಲು, ಶಾಖ, ಸ್ಥಳ ಇವು ಬದಲಾಗದಂತೆ ಹಿಡಿದಿಟ್ಟ ‘ನಿಯಂತ್ರಿತ ಚರಗಳು’. ಒಂದು ಬಟ್ಟಲನ್ನು ಒಲೆಯ ಪಕ್ಕದಲ್ಲಿಯೂ ಇನ್ನೊಂದನ್ನು ಕಿಟಕಿಯಲ್ಲಿಯೂ ಇಟ್ಟರೆ ಪ್ರಯೋಗವು ಕೆಟ್ಟಿತು. ಮೊಸರಾದದ್ದು ಹೆಪ್ಪಿನಿಂದಲೋ ಶಾಖದಿಂದಲೋ ಹೇಳಲಾಗದು.

ಅವಲೋಕನವೂ ಪ್ರಯೋಗವೂ

ಬಟ್ಟಲುಗಳಂತೆ ಮನುಷ್ಯರು ಒಂದೇ ಬಗೆಯವರಲ್ಲ. ಅವರ ಮೇಲಿನ ಪ್ರಯೋಗವನ್ನು ಹೇಗೆ ರೂಪಿಸುತ್ತಾರೆ ಎಂಬುದಕ್ಕೆ ನಮ್ಮ ಪುಣೆಯಲ್ಲಿಯೇ ಒಳ್ಳೆಯ ನಿದರ್ಶನವಿದೆ. ಇಲ್ಲಿನ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರೂ ಅವರ ಸಂಗಡಿಗರೂ 1993ರಲ್ಲಿ ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ ಗರ್ಭಿಣಿಯರ ಆಹಾರವನ್ನೂ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನೂ ಗಮನಿಸತೊಡಗಿದರು. 2008ರಲ್ಲಿ ಪ್ರಕಟವಾದ ಅವರ ವರದಿಯಂತೆ, ತಾಯಂದಿರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಬಿ-12 ಜೀವಸತ್ವದ ಕೊರತೆಯಿತ್ತು. ಬಿ-12 ಕಡಿಮೆಯಿದ್ದು ಫೋಲೇಟ್ ಹೆಚ್ಚಾಗಿದ್ದ ತಾಯಂದಿರ ಮಕ್ಕಳಲ್ಲಿ, ಆರು ವರ್ಷದ ವೇಳೆಗೆ, ಇನ್ಸುಲಿನ್ನಿಗೆ ದೇಹವು ಸರಿಯಾಗಿ ಸ್ಪಂದಿಸದಿರುವ ಲಕ್ಷಣ ಎಲ್ಲರಿಗಿಂತ ಹೆಚ್ಚಾಗಿ ಕಂಡಿತು.

ಇದು ಮಹತ್ವದ ಅವಲೋಕನ, ಆದರೆ ಪ್ರಯೋಗವಲ್ಲ. ಬಿ-12 ಕಡಿಮೆಯಿರುವ ತಾಯಿಗೆ ಹಾಲು ಮೊಸರು ಕಡಿಮೆ ಸಿಕ್ಕಿರಬಹುದು, ಹೊಲದ ದುಡಿಮೆ ಹೆಚ್ಚಿರಬಹುದು, ಮನೆಯಲ್ಲಿ ಬಡತನವಿರಬಹುದು. ಹೀಗೆ ಕಾರಣದ ಜೊತೆಗೂಡಿ ಬಂದು ನಮ್ಮನ್ನು ದಾರಿ ತಪ್ಪಿಸುವ ಅಂಶಗಳನ್ನು ‘ಗೊಂದಲಕಾರಿ ಚರಗಳು’ ಎನ್ನಬಹುದು. ಒಲೆಯ ಪಕ್ಕದ ಬಟ್ಟಲಿನ ಕಥೆಯೇ ಇದು.

ಮೂರು ಗುಂಪುಗಳ ಪಾಠ

ಆದುದರಿಂದ 2012ರಲ್ಲಿ ‘ಪ್ರಿಯಾ’ ಎಂಬ ಪ್ರಯೋಗವು ಆರಂಭವಾಯಿತು. ಮೊದಲ ಅಧ್ಯಯನದ ಮಕ್ಕಳು ಆಗ ಹದಿಹರೆಯಕ್ಕೆ ಬಂದಿದ್ದರು. ಅವರಲ್ಲಿ 557 ಮಂದಿಯನ್ನು ಮೂರು ಗುಂಪುಗಳಿಗೆ ಹಂಚಲಾಯಿತು. ಒಂದಕ್ಕೆ ಬಿ-12 ಮಾತ್ರ. ಇನ್ನೊಂದಕ್ಕೆ ಬಿ-12ರ ಜೊತೆಗೆ ಇತರ ಸೂಕ್ಷ್ಮ ಪೋಷಕಾಂಶಗಳು. ಮೂರನೆಯದಕ್ಕೆ ಔಷಧವಿಲ್ಲದ ಹುಸಿಗುಳಿಗೆ. ಕಬ್ಬಿಣ ಹಾಗೂ ಫೋಲಿಕ್ ಆಮ್ಲವನ್ನು ಎಲ್ಲರಿಗೂ ಕೊಡಲಾಯಿತು.

ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರೂ ಆರಿಸುವುದಿಲ್ಲ, ರೋಗಿಯೂ ಆರಿಸುವುದಿಲ್ಲ; ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ. ಬಡವ ಬಲ್ಲಿದ, ದುರ್ಬಲ ಸಬಲ ಎಲ್ಲರೂ ಎಲ್ಲ ಗುಂಪುಗಳಲ್ಲಿಯೂ ಹೆಚ್ಚುಕಡಿಮೆ ಸಮನಾಗಿ ಬೀಳಲೆಂಬುದೇ ಇದರ ಉದ್ದೇಶ. ಹುಸಿಗುಳಿಗೆಯೇಕೆ? ಗುಳಿಗೆ ನುಂಗಿದೆನೆಂಬ ನಂಬಿಕೆಯೇ ಅನೇಕರಿಗೆ ಹಿತವೆನಿಸುತ್ತದೆ. ಆ ನಂಬಿಕೆಯು ಎಲ್ಲ ಗುಂಪುಗಳಲ್ಲಿಯೂ ಸಮನಾಗಿರಬೇಕು. ಅಳೆಯುವವರಿಗೂ ಯಾರು ಯಾವುದನ್ನು ಪಡೆದರೆಂಬುದು ತಿಳಿಯದಿದ್ದರೆ ಅವರ ಆಸೆಯು ಅಳತೆಯೊಳಗೆ ನುಸುಳಲಾರದು.

ಇವರಲ್ಲಿ ಮುಂದೆ ತಾಯಂದಿರಾದ ತರುಣಿಯರ ಮಕ್ಕಳನ್ನು ಎರಡು ವರ್ಷದ ಪ್ರಾಯದಲ್ಲಿ ಪರೀಕ್ಷಿಸಿದ ಫಲಿತಾಂಶವು 2021ರಲ್ಲಿ ಪ್ರಕಟವಾಯಿತು. ಬಿ-12 ಮಾತ್ರ ಪಡೆದ ತಾಯಂದಿರ ಮಕ್ಕಳು ಗ್ರಹಣಶಕ್ತಿಯಲ್ಲಿಯೂ ಭಾಷೆಯಲ್ಲಿಯೂ ಹುಸಿಗುಳಿಗೆಯ ಗುಂಪಿನ ಮಕ್ಕಳಿಗಿಂತ ಮುಂದಿದ್ದರು. ಆಶ್ಚರ್ಯವೆಂದರೆ, ಹೆಚ್ಚು ಪೋಷಕಾಂಶಗಳನ್ನು ಪಡೆದ ಗುಂಪಿನಲ್ಲಿ ಅಂಥ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಎಲ್ಲವನ್ನೂ ಒಟ್ಟಿಗೆ ಕೊಟ್ಟು ನೋಡಿದ್ದರೆ ಬಿ-12ರ ಗುಣವೇ ತಿಳಿಯುತ್ತಿರಲಿಲ್ಲ! ಪರೀಕ್ಷೆಗೆ ಒಳಪಟ್ಟ ಮಕ್ಕಳ ಸಂಖ್ಯೆ ದೊಡ್ಡದಲ್ಲ. ಆದುದರಿಂದ ಇದನ್ನು ಕೊನೆಯ ತೀರ್ಪೆಂದು ತಿಳಿಯಬಾರದು. ಬೇರೆಡೆಯಲ್ಲಿಯೂ ಪ್ರಯೋಗವನ್ನು ಮಾಡಿ ಅದೇ ಫಲವನ್ನು ಪಡೆದಾಗಲೇ ನಂಬಿಕೆ ಗಟ್ಟಿಯಾಗುತ್ತದೆ.

ನಾವು ಮಾಡಬೇಕಾದುದು

ಸಸ್ಯಾಹಾರಿಗಳು ಹೆಚ್ಚಾಗಿರುವ ನಮ್ಮ ಮನೆಗಳಿಗೆ ಈ ವಿಷಯ ದೂರದ್ದಲ್ಲ. ಬಿ-12 ಸೊಪ್ಪು ಕಾಳುಗಳಲ್ಲಿ ಸಿಗದು. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿದೆ. ಆಯಾಸ, ಕಾಲು ಜೋಮು ಹಿಡಿಯುವಿಕೆ ಇದ್ದವರು ನೆರೆಯವರ ಗುಳಿಗೆಯನ್ನು ತಾವೂ ನುಂಗದೆ, ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಬಿ-12 ಕೊರತೆಯಿದ್ದವರು ಫೋಲಿಕ್ ಆಮ್ಲವನ್ನಷ್ಟೇ ಸೇವಿಸಿದರೆ ರಕ್ತಹೀನತೆ ಮರೆಯಾದರೂ ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು.

ಇನ್ನು ಮುಂದೆ ಯಾರಾದರೂ ಔಷಧವೊಂದನ್ನು ಹೊಗಳಿದರೆ ಮೂರು ಪ್ರಶ್ನೆಗಳನ್ನು ಕೇಳೋಣ: ತೆಗೆದುಕೊಳ್ಳದವರೊಡನೆ ಹೋಲಿಸಿದ್ದುಂಟೆ? ಜೊತೆಗೆ ಬೇರೇನು ಬದಲಾಗಿತ್ತು? ಎಷ್ಟು ಜನರಲ್ಲಿ ನೋಡಿದರು? ಹೀಗೆ ಕೇಳುವುದು ಅವಿಶ್ವಾಸವಲ್ಲ. ನಮ್ಮ ಆರೋಗ್ಯಕ್ಕೆ ನಾವು ಸಲ್ಲಿಸುವ ಗೌರವ.