ಹೋಂಸ್ಟೇ ಜಿಎಸ್‌ಟಿ: ತಲೆ ಲೆಕ್ಕ, ಕೋಣೆ ಲೆಕ್ಕ

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಹೋಂಸ್ಟೇ ದರ ಹೇಳುವುದು ತಲೆ ಲೆಕ್ಕದಲ್ಲಿ: ಊಟ, ತಿಂಡಿ, ವಾಸ್ತವ್ಯ ಸೇರಿ ಒಬ್ಬರಿಗೆ ಇಷ್ಟು. ಜಿಎಸ್‌ಟಿ ನೋಡುವುದು ಕೋಣೆ ಲೆಕ್ಕ: ಒಂದು ಕೋಣೆಗೆ, ಒಂದು ದಿನಕ್ಕೆ ಎಷ್ಟು. ತೊಡಕು ಹುಟ್ಟುವುದು ಇವೆರಡರ ನಡುವೆಯೇ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಲೆಕ್ಕ ಬರೆದಿಡದವರೇ ಹೆಚ್ಚು ಪೇಚಾಡಿದ್ದು. ಹೋಂಸ್ಟೇ ನಡೆಸುವವರಿಗೆ ಆ ಪಾಡು ಬರಬಾರದು.

ಮೊದಲು ವಹಿವಾಟು ಕೂಡಿಸಿ

ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಒಟ್ಟು ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಆನ್‌ಲೈನ್ ಬುಕಿಂಗ್ ತಾಣದಲ್ಲಿ ಅತಿಥಿ 4,000 ರೂಪಾಯಿ ಕೊಟ್ಟು, ಕಮಿಷನ್ ಕಳೆದು ನಿಮ್ಮ ಖಾತೆಗೆ 3,300 ಬಂತು ಎಂದುಕೊಳ್ಳಿ. ನಿಮ್ಮ ವಹಿವಾಟು 4,000, 3,300 ಅಲ್ಲ. ನಗದು, ಯುಪಿಐ, ಬ್ಯಾಂಕ್ ಜಮೆ ಎಲ್ಲವೂ ಸೇರಬೇಕು. ಅದೇ ಪ್ಯಾನ್‌ನಲ್ಲಿ ಪಟ್ಟಣದ ಮಳಿಗೆ ಬಾಡಿಗೆ ಬರುತ್ತಿದ್ದರೆ ಅದೂ ಸೇರುತ್ತದೆ. ಕಾಫಿ, ಮೆಣಸು ಮಾರಾಟದ ವಿವರವನ್ನೂ ತೆರಿಗೆ ಸಲಹೆಗಾರರ ಮುಂದಿಡಿ. ಅತಿಥಿಗಳ ಹೆಸರು ಬರೆಯುವ ಪುಸ್ತಕದಲ್ಲೇ ಕೋಣೆ, ದಿನ, ಅತಿಥಿ ಕೊಟ್ಟ ಪೂರ್ಣ ಮೊತ್ತ, ಕಮಿಷನ್ ಎಂದು ನಾಲ್ಕು ಕಾಲಂ ಎಳೆದು ಅಂದಂದೇ ಬರೆದರೆ ಅರ್ಧ ಕೆಲಸ ಮುಗಿದಂತೆ.

ಮಿತಿಯೊಳಗಿದ್ದರೆ

ಬುಕಿಂಗ್ ತಾಣದಲ್ಲಿ ಹೆಸರಿದೆ ಎಂಬ ಒಂದೇ ಕಾರಣಕ್ಕೆ ನೋಂದಣಿ ಬೇಕಿಲ್ಲ. ಆ ಬುಕಿಂಗ್‌ಗಳ ಜಿಎಸ್‌ಟಿಯನ್ನು ತಾಣವೇ ಕಟ್ಟಬೇಕು. ಆದರೆ ನೋಂದಣಿ ಇಲ್ಲದೆ ನಿಮ್ಮ ಬಿಲ್ಲಿನಲ್ಲಿ ‘ಜಿಎಸ್‌ಟಿ’ ಎಂದು ಬರೆದು ಒಂದು ರೂಪಾಯಿಯನ್ನೂ ವಸೂಲಿ ಮಾಡಬೇಡಿ, ಅದು ಅಪರಾಧ.

ಮಿತಿ ದಾಟಿದರೆ 30 ದಿನದೊಳಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಸರ್ಕಾರಿ ಶುಲ್ಕವಿಲ್ಲ. ಪ್ಯಾನ್, ಆಧಾರ್, ಫೋಟೊ, ಕಂದಾಯ ರಸೀದಿ ಅಥವಾ ಕರೆಂಟ್ ಬಿಲ್ ಸಿದ್ಧವಿರಲಿ.

ದರ ಕಟ್ಟುವ ಕಲೆ

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಶೇ 5 ತೆರಿಗೆ, ಖರೀದಿಗಳ ಮೇಲೆ ಕಟ್ಟಿದ ತೆರಿಗೆಯ ಕ್ರೆಡಿಟ್ ಇಲ್ಲ. ಅದಕ್ಕಿಂತ ಹೆಚ್ಚಾದರೆ ಶೇ 18, ಕ್ರೆಡಿಟ್ ಉಂಟು. ಗೆರೆ ದಾಟಿದರೆ ಏನಾಗುತ್ತದೆ ನೋಡಿ. 7,500ರ ಕೋಣೆಗೆ ಅತಿಥಿ ಕೊಡುವುದು 7,875. 7,600ರ ಕೋಣೆಗೆ 8,968. ನೀವು ಏರಿಸಿದ್ದು ನೂರು ರೂಪಾಯಿ, ಅತಿಥಿಗೆ ಹೊರೆಯಾಗಿದ್ದು 1,093.

ಈಗ ತಲೆ ಲೆಕ್ಕಕ್ಕೆ ಬನ್ನಿ. ಒಬ್ಬರಿಗೆ 2,500ರಂತೆ ನಾಲ್ವರು ಒಂದೇ ಕೋಣೆಯಲ್ಲಿ ಉಳಿದರೆ 10,000 ಆಯಿತು. ಎಲ್ಲ ಸೇರಿಸಿ ಒಂದೇ ಮೊತ್ತದ ಬಿಲ್ ಕೊಟ್ಟರೆ ಅಷ್ಟೂ ಕೋಣೆಯ ಬೆಲೆ ಎಂದಾಗಿ ಶೇ 18 ಬೀಳುವ ಅಪಾಯವಿದೆ. ಊಟ ಬೇಡ ಎಂದವರಿಗೆ ನಿಜಕ್ಕೂ ಕಡಿಮೆ ದರ ಇದ್ದರೆ, ಕೋಣೆ ಬೇರೆ, ಊಟ ಬೇರೆ ಎಂದು ದರಪಟ್ಟಿಯಲ್ಲೂ ಬಿಲ್ಲಿನಲ್ಲೂ ತೋರಿಸಿ. ತೆರಿಗೆ ತಪ್ಪಿಸಲೆಂದೇ ಕಾಗದದ ಮೇಲೆ ಒಡೆದ ಲೆಕ್ಕ ತಪಾಸಣೆಯಲ್ಲಿ ನಿಲ್ಲದು. ಹೆಚ್ಚುವರಿ ಹಾಸಿಗೆಯ ಹಣವಂತೂ ಕೋಣೆಯ ಬೆಲೆಗೇ ಸೇರುತ್ತದೆ.

ಬಿಲ್ ಮತ್ತು ಮುಂಗಡ

ಅತಿಥಿ ಮುಂಬೈಯವರಾಗಲಿ, ಕಣ್ಣೂರಿನವರಾಗಲಿ, ಕೋಣೆ ಕರ್ನಾಟಕದಲ್ಲಿದೆ. ಹಾಗಾಗಿ ಸಿಜಿಎಸ್‌ಟಿ (ಕೇಂದ್ರದ ಪಾಲು), ಎಸ್‌ಜಿಎಸ್‌ಟಿಯನ್ನೇ (ರಾಜ್ಯದ ಪಾಲು) ಹಾಕಿ, ಕಂಪನಿಯವರು ಐಜಿಎಸ್‌ಟಿ (ಅಂತರರಾಜ್ಯ ತೆರಿಗೆ) ಬಿಲ್ ಕೇಳಿದರೂ ಕೊಡಬೇಡಿ. ಮೇ ತಿಂಗಳ ಬುಕಿಂಗ್‌ಗೆ ಜನವರಿಯಲ್ಲಿ ಮುಂಗಡ ಬಂದರೆ ತೆರಿಗೆ ಜನವರಿಯ ಲೆಕ್ಕಕ್ಕೆ. ಬುಕಿಂಗ್ ರದ್ದಾಗಿ ನೀವು ಹಿಡಿದಿಟ್ಟುಕೊಂಡ ಹಣಕ್ಕೂ ಕೋಣೆಯ ದರದ್ದೇ ತೆರಿಗೆ.

ರಿಟರ್ನ್

ತಿಂಗಳ ಲೆಕ್ಕದವರು ಮರುತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕು. ಸಣ್ಣವರು ಮೂರು ತಿಂಗಳಿಗೊಮ್ಮೆ ಸಲ್ಲಿಸುವ ವ್ಯವಸ್ಥೆ ಆಯ್ದುಕೊಳ್ಳಬಹುದು, ತೆರಿಗೆಯನ್ನು ಮಾತ್ರ ತಿಂಗಳು ತಿಂಗಳು ಕಟ್ಟಬೇಕು. ಮಳೆಗಾಲದಲ್ಲಿ ಒಬ್ಬ ಅತಿಥಿಯೂ ಬರದಿದ್ದರೂ ಶೂನ್ಯ ರಿಟರ್ನ್ ತಪ್ಪಿಸುವಂತಿಲ್ಲ, ತಡವಾದರೆ ದಿನಕ್ಕೆ 20 ರೂಪಾಯಿ. ನೋಂದಾಯಿತರ ಹಣದಲ್ಲಿ ಬುಕಿಂಗ್ ತಾಣಗಳು ಶೇ 0.5 ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಹಿಡಿಯುತ್ತವೆ. ಪೋರ್ಟಲ್‌ನಲ್ಲಿ ಅದನ್ನು ಒಪ್ಪಿಕೊಂಡರೆ ನಿಮ್ಮ ನಗದು ಲೆಡ್ಜರ್‌ಗೆ ಜಮೆಯಾಗುತ್ತದೆ. ಕೇಳದೆ ಬಿಟ್ಟರೆ ಅಲ್ಲೇ ಉಳಿಯುತ್ತದೆ.

ಲೀಸ್ ಬಂಗಲೆ, ಆದಾಯ ತೆರಿಗೆ

ತೋಟದ ಬಂಗಲೆ ಲೀಸ್‌ಗೆ ಪಡೆದು ನಡೆಸುವ ನೋಂದಾಯಿತರು ಇದನ್ನು ಗಮನಿಸಬೇಕು. ಮಾಲೀಕರಿಗೆ ನೋಂದಣಿ ಇಲ್ಲದಿದ್ದರೆ ಬಾಡಿಗೆಯ ಮೇಲಿನ ಶೇ 18 ತೆರಿಗೆ ನೀವೇ ಕಟ್ಟಬೇಕು. ಶೇ 5ರ ಕೋಣೆಗಳಿಗೆ ಕ್ರೆಡಿಟ್ ಇಲ್ಲದ್ದರಿಂದ ಅದು ಕೈಯಿಂದಲೇ ಹೋಗುವ ಹಣ. ಲೀಸ್ ಮಾತುಕತೆಗೆ ಕೂರುವಾಗಲೇ ಲೆಕ್ಕಕ್ಕೆ ಹಿಡಿಯಿರಿ.

ಮನೆ ತೋಟದೊಳಗಿದೆ ಎಂದ ಮಾತ್ರಕ್ಕೆ ಹೋಂಸ್ಟೇ ಗಳಿಕೆ ಕೃಷಿ ಆದಾಯವಾಗದು, ಅದು ವ್ಯಾಪಾರದ ಆದಾಯ. ಬುಕಿಂಗ್ ತಾಣಗಳು ಶೇ 0.1 ಟಿಡಿಎಸ್ ಹಿಡಿದಿದ್ದರೆ ಆ ವಿವರ ಆದಾಯ ತೆರಿಗೆ ಇಲಾಖೆಯ ಬಳಿ ಆಗಲೇ ಇದೆ. ರಿಟರ್ನ್ ತುಂಬುವ ಮುನ್ನ ಅದನ್ನೂ ನಿಮ್ಮ ಪುಸ್ತಕವನ್ನೂ ಪಕ್ಕದಲ್ಲಿಟ್ಟು ತಾಳೆ ನೋಡಿ.