ಆ ಹಳದಿ ದೀಪವನ್ನು ಕೀಳಿಸಬೇಡಿ

ಬಂಡೀಪಾಳ್ಯದ ಮಾರುಕಟ್ಟೆಗೆ ತರಕಾರಿ ಸಾಗಿಸುವ ನಿಮ್ಮ ಎಂಟು ವರ್ಷದ ಪಿಕಪ್‌ನಲ್ಲಿ ಬೆಳಗಿನ ಜಾವ ಟೈರಿನ ಒತ್ತಡದ ದೀಪ ಹತ್ತಿ, ಬಿಸಿಲೇರಿದ ಮೇಲೆ ತಾನೇ ಆರುತ್ತದೆ ಎಂದಿದ್ದೀರಿ. ಸೆನ್ಸರ್ ಹಳೆಯದಾಯಿತು, ದೀಪದ ವೈರ್ ಕೀಳಿಸಿಬಿಡಲೇ ಎಂದೂ ಕೇಳಿದ್ದೀರಿ. ದಯವಿಟ್ಟು ಬೇಡ.

ಸೆನ್ಸರ್ ನಿಜವನ್ನೇ ಹೇಳುತ್ತಿರಬಹುದು. ಉಷ್ಣಾಂಶ ಐದಾರು ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಕುಗ್ಗುತ್ತದೆ. ಗಾಳಿ ಮೊದಲೇ ಕಡಿಮೆಯಿದ್ದರೆ ದೀಪ ಹತ್ತಲು ಮೈಸೂರಿನ ಡಿಸೆಂಬರ್ ಚಳಿಯೇ ಸಾಕು. ಗಾಳಿ ಕಡಿಮೆಯಾದ ಟೈರ್ ಲೋಡಿನಡಿ ಬಾಗಿ ಬಾಗಿ ಕಾಯುತ್ತದೆ, ಪಕ್ಕದ ಗೋಡೆ ಸೋಲುತ್ತದೆ, ಎಕ್ಸ್‌ಪ್ರೆಸ್ ಹೆದ್ದಾರಿಯ ವೇಗದಲ್ಲಿ ಸಿಡಿಯಬಹುದು. ಈ ವಿಷಯದಲ್ಲಿ ನನಗೆ ರಾಜಿಯೇ ಇಲ್ಲ.

ಒಂದು ಗೇಜ್ ಕೊಂಡುಕೊಳ್ಳಿ. ಗಾಡಿ ಹೊರಡಿಸುವ ಮುಂಚೆ, ಟೈರ್ ತಣ್ಣಗಿರುವಾಗಲೇ ನೋಡಿ. ಬಂಕ್‌ವರೆಗೆ ಓಡಿಸಿದರೆ ಅಳತೆ ಏರಿರುತ್ತದೆ. ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಲೋಡಿಗೆ ಹೇಳಿರುವಷ್ಟು ಗಾಳಿ ಹಿಡಿಸಿ. ವಾಲ್ವ್ ಬಾಯಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಉಬ್ಬಿದರೆ ಕಳ್ಳ ಅಲ್ಲೇ ಇದ್ದಾನೆ.

ಬಹುತೇಕ ಗಾಡಿಗಳಲ್ಲಿ ದೀಪ ಒಂದು ನಿಮಿಷ ಮಿಣುಕಿ ನಂತರ ಹತ್ತಿಯೇ ಇದ್ದರೆ ದೋಷ ಸೆನ್ಸರ್ ವ್ಯವಸ್ಥೆಯದ್ದು. ಸೆನ್ಸರ್ ಒಳಗಿನ ಬ್ಯಾಟರಿ ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ ಬಾಳುತ್ತದೆ. ಮುಚ್ಚಿದ ಡಬ್ಬಿಯಾದ್ದರಿಂದ ಬ್ಯಾಟರಿಯನ್ನಷ್ಟೇ ಬದಲಿಸಲಾಗದು. ಒಂದು ಸೆನ್ಸರ್ ಸತ್ತರೆ ಉಳಿದವೂ ಅದೇ ವಯಸ್ಸಿನವು. ಹೊಸ ಟೈರ್ ಹಾಕಿಸುವಾಗ ನಾಲ್ಕನ್ನೂ ಬದಲಿಸಿ, ಕೂಲಿ ಉಳಿಯುತ್ತದೆ. ಹೊಸದನ್ನು ಸ್ಕ್ಯಾನರ್‌ನಿಂದ ಗಾಡಿಗೆ ಪರಿಚಯಿಸಬೇಕಾಗಬಹುದು. ಪಂಕ್ಚರ್ ಅಂಗಡಿಯಲ್ಲಿ ಟೈರ್ ಬಿಚ್ಚುವ ಮೊದಲೇ ‘ವಾಲ್ವ್ ಬುಡದಲ್ಲಿ ಸೆನ್ಸರ್ ಇದೆಯಪ್ಪಾ, ಅಲ್ಲಿ ಲಿವರ್ ಹಾಕಬೇಡ’ ಎಂದುಬಿಡಿ.